ಒಂದು ಗುಟುಕು ಎಣ್ಣೆ

ನನಗೆ ಕುದುರೆಯೆಂದರೆ ಪ್ರಾಣ. ಪ್ರಾಣಭಯವೂ ಹೌದು. ಎರಡನೆಯದನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಹಿಂಗಾಲು ಕಂಡರೆ ಮಾರುದ್ದ ಹಾರುವ ಹುಡುಗಿಯನ್ನು ಯಾವ ಲಾಯದವರು ತಾನೇ ಒಳಗೆ ಬಿಟ್ಟುಕೊಳ್ಳುತ್ತಾರೆ? ಆಗ ನನಗೆ ಹದಿಮೂರು. ನೋಡಲು ಒಣಕಡ್ಡಿಯ ಹಾಗಿದ್ದೆ, ಲಾಯದ ತಾತ ನನ್ನನ್ನು ಕರೆಯುತ್ತಿದ್ದದ್ದೂ ಕಡ್ಡಿ ಎಂದೇ.

ಸವಾರಿ ಪಾಠದ ಫೀಸು ನಮ್ಮ ಮನೆಗೆ ನಿಲುಕುವಂಥದ್ದಲ್ಲ. ಅಮ್ಮನದು ಇಸ್ತ್ರಿ ಅಂಗಡಿ, ಅಪ್ಪ ತಿಂಗಳಲ್ಲಿ ಇಪ್ಪತ್ತು ದಿನ ಹೊರಗಿರುವ ಲಾರಿ ಡ್ರೈವರ್. ನಾನೇನು ಕೈಕಟ್ಟಿ ಕೂತವಳಲ್ಲ. ಅಕ್ಕಪಕ್ಕದವರ ಕಾರು ತೊಳೆದೆ. ಚಿಕ್ಕಮ್ಮನ ಅವಳಿ ಮಕ್ಕಳನ್ನು ಸಂಜೆ ಹೊತ್ತು ನೋಡಿಕೊಂಡೆ, ಅವುಗಳ ಮುಂದೆ ಕುದುರೆಯ ಹಿಂಗಾಲೇ ವಾಸಿ. ರಟ್ಟಿನ ಮೇಲೆ ಕುದುರೆ ಚಿತ್ರ ಬರೆದು ಶಾಲೆಯಲ್ಲಿ ಮಾರಿದೆ, ಕೊಂಡವರಲ್ಲಿ ಅರ್ಧ ಜನ ಅದನ್ನು ಕತ್ತೆ ಎಂದುಕೊಂಡಿದ್ದರು. ಕೊನೆಗೆ ಮೇಡಂಗೆ ಒಂದು ಕಾಗದ ಬರೆದೆ: ನನ್ನ ಹತ್ತಿರ ದುಡ್ಡಿಲ್ಲ, ಎರಡು ಕೈ ಇದೆ, ಏನು ಕೆಲಸ ಕೊಟ್ಟರೂ ಮಾಡುತ್ತೇನೆ, ಬದಲಿಗೆ ಸವಾರಿ ಕಲಿಸಿ. ಮೇಡಂ ಅಂದರೆ ಲಾಯದ ಒಡತಿ, ಪಾಠ ಹೇಳುವವರೂ ಅವರೇ. ಕಾಗದ ಓದಿದರು, ನನ್ನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಉಗುರು ಕತ್ತರಿಸ್ಕೊಂಡು ಶನಿವಾರ ಬೆಳಗ್ಗೆ ಆರಕ್ಕೆ ಬಾ" ಎಂದರು.

ಹೀಗೆ ಒಪ್ಪಂದವಾಯಿತು. ಶನಿವಾರ ಭಾನುವಾರ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಲದ್ದಿ ಬಾಚುವುದು, ಹುಲ್ಲು ಹಾಸುವುದು, ಜೀನು ಒರೆಸುವುದು, ನೀರಿನ ತೊಟ್ಟಿ ಉಜ್ಜುವುದು. ಬದಲಿಗೆ ಭಾನುವಾರ ಎಂಟು ಗಂಟೆಗೆ ಅರ್ಧ ತಾಸಿನ ಪಾಠ. ಮೇಡಂದು ಒಂದೇ ಕಟ್ಟಳೆ. ಬೆಳಗಿನ ಮೇವು, ನೀರು ಮುಗಿಯದೆ ಜೀನಿಲ್ಲ. ಎಂಟಕ್ಕೆ ಒಂದು ಕುದುರೆಯ ಹೊಟ್ಟೆ ಖಾಲಿಯಿದ್ದರೂ ಆ ವಾರದ ಪಾಠ ಹೋಯಿತೆಂದೇ ಲೆಕ್ಕ. ಅಮ್ಮ ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದಳು, "ಅಲ್ಲಿ ಹೋಗಿ ಕುದುರೆ ಲದ್ದಿ ಎತ್ತುತ್ತಾಳಂತೆ. ಮನೇಲಿ ತಿಂದ ತಟ್ಟೆ ಎತ್ತು ಅಂದ್ರೆ ಸೊಂಟ ನೋವು ಬರುತ್ತೆ ಮಹಾರಾಣಿಗೆ."

ಲಾಯದಲ್ಲಿ ಒಂಬತ್ತು ಕುದುರೆಗಳು. ಒಂಬತ್ತರಲ್ಲೂ ಹಿರಿಯದು, ಸಾಲಿನ ಕೊನೆಯ ಕೋಣೆಯ ಬೂದು ಕುದುರೆ. ಇಪ್ಪತ್ತೇಳು ವರ್ಷ ಅದಕ್ಕೆ. ಎಲ್ಲರೂ ಅದನ್ನು ದೊಡ್ಡಪ್ಪ ಎಂದು ಕರೆಯುತ್ತಿದ್ದರು. ನಿಜವಾಗಿಯೂ ದೊಡ್ಡಪ್ಪನ ಹಾಗೆಯೇ ಇದ್ದ. ಕೆಲಸವಿಲ್ಲ, ಗತ್ತು ಬೇಕಾದಷ್ಟು, ಹೊತ್ತಿಗೆ ಸರಿಯಾಗಿ ಊಟ ಬರದಿದ್ದರೆ ಬಾಗಿಲು ಒದೆಯುತ್ತಿದ್ದ. ಮೇಡಂ ಚಿಕ್ಕವರಿದ್ದಾಗ ಸವಾರಿ ಕಲಿತದ್ದು ಅವನ ಬೆನ್ನ ಮೇಲೆ. ನಾನು ಹೆದರದೆ ಮುಟ್ಟುತ್ತಿದ್ದ ಕುದುರೆ ಅವನೊಬ್ಬನೇ. ಮೂಗನ್ನು ನನ್ನ ಕಂಕುಳಿಗೆ ತೂರಿಸಿ ನಿದ್ದೆ ಮಾಡಿಬಿಡುತ್ತಿದ್ದ.

ದೊಡ್ಡಪ್ಪನಿಗೆ ದವಡೆ ಹಲ್ಲುಗಳಿರಲಿಲ್ಲ. ಹುಲ್ಲು ಅಗಿಯಲಾರ. ಅದಕ್ಕೆ ಅವನಿಗೆ ಬೇರೆ ಊಟ. ಒಣಹುಲ್ಲನ್ನು ಪುಡಿಮಾಡಿ, ಒತ್ತಿ, ಬೆರಳುದಪ್ಪದ ಉಂಡೆ ಮಾಡಿ ಚೀಲದಲ್ಲಿ ಮಾರುತ್ತಾರೆ. ಅದನ್ನು ಬಕೆಟ್ಟಿಗೆ ಸುರಿದು, ಮೂರರಷ್ಟು ನೀರು ಹಾಕಿ, ಒಂದೂವರೆ ಗಂಟೆ ನೆನೆಯಲು ಬಿಡಬೇಕು. ಉಂಡೆ ಉಬ್ಬಿ, ಒಡೆದು, ಗಂಜಿಯಾಗುತ್ತದೆ. ಕೊಡುವ ಮೊದಲು ತಳದಿಂದ ಒಂದು ಹಿಡಿ ತೆಗೆದು ಹಿಚುಕಿ ನೋಡಬೇಕು. ನಡುವೆ ಗಂಟು ಸಿಕ್ಕರೆ ಇನ್ನೂ ಆಗಿಲ್ಲ ಎಂದರ್ಥ. ಇದನ್ನು ತಾತ ಮೊದಲ ದಿನವೇ ನನ್ನ ಕೈ ಹಿಡಿದು ಬಕೆಟ್ಟಿನ ತಳಕ್ಕೆ ಮುಳುಗಿಸಿ ತೋರಿಸಿದ್ದ. ಭಾನುವಾರ ದೊಡ್ಡಪ್ಪನ ಬಕೆಟ್ಟು ನನ್ನ ಪಾಲಿನದು.

ತಾತ ಆ ಲಾಯದಲ್ಲಿ ಮೂವತ್ತು ವರ್ಷದಿಂದ ಕುದುರೆ ನೋಡಿಕೊಂಡಿದ್ದವನು. ಕಣ್ಣು ಮಂಜಾಗಿತ್ತು, ಕೈಗಳಿಗೆ ಮಾತ್ರ ಎಲ್ಲ ಕಾಣುತ್ತಿತ್ತು.

ಆ ಭಾನುವಾರ ನನಗೆ ಕ್ಯಾಂಟರ್ ಹೇಳಿಕೊಡುವುದಿತ್ತು. ಕುಕ್ಕುಲೋಟದಲ್ಲಿ ಬೀಳದೆ ಕೂರುವುದನ್ನು ಕಲಿತವರಿಗೆ ಸಿಗುವ ಮುಂದಿನ ಓಟ ಅದು. ಐದು ತಿಂಗಳ ಲದ್ದಿ ಬಾಚಿ ನಾನು ಅಲ್ಲಿಗೆ ಬಂದಿದ್ದೆ. ಆದರೆ ಅಮ್ಮ ಬೆಳಗ್ಗೆ ಎದ್ದವಳೇ ಹೋಟೆಲಿನ ಮೇಜುಬಟ್ಟೆಗಳ ಗಂಟು ನನ್ನ ಸೈಕಲ್ಲಿಗೆ ಕಟ್ಟಿ, "ಹೋಗ್ತಾ ಕೊಟ್ಟು ಹೋಗೇ" ಎಂದಳು. ಹೋಟೆಲಿನವನು ಬಾಗಿಲು ತೆಗೆಯುವ ಹೊತ್ತಿಗೆ ಅರ್ಧ ಗಂಟೆ ಕಳೆಯಿತು. ಲಾಯಕ್ಕೆ ಬಂದಾಗ ಆರೂಮುಕ್ಕಾಲು. ಗಾಬರಿಯಲ್ಲಿ ಮೊದಲು ಲದ್ದಿಗೆ ಕೈಹಾಕಿದೆ, ನೀರು ಹೊತ್ತೆ, ಬಕೆಟ್ಟು ನೆನಪಾದಾಗ ಏಳೂಕಾಲು.

ಉಂಡೆ ಸುರಿದೆ, ನೀರು ಹಾಕಿದೆ, ಕೋಲು ತೆಗೆದುಕೊಂಡು ರಪರಪ ತಿರುವಿದೆ. ಮೇಲ್ಭಾಗ ಗಂಜಿಯ ಹಾಗೆ ಕಂಡಿತು. ಕೈ ಹಾಕಿ ತಳ ನೋಡಲಿಲ್ಲ. ನೋಡಿದರೆ ಏನು ಸಿಗುತ್ತದೆಂದು ನನಗೆ ಗೊತ್ತಿತ್ತು, ಅದಕ್ಕೇ ನೋಡಲಿಲ್ಲ. ಏಳು ಮೂವತ್ತೈದಕ್ಕೆ ಬಕೆಟ್ಟನ್ನು ದೊಡ್ಡಪ್ಪನ ಮುಂದಿಟ್ಟು, ಅವನು ಮೂತಿ ಹಾಕಿದ್ದನ್ನು ನೋಡಿ, ಜೀನು ತರಲು ಓಡಿದೆ.

ಪಾಠ ಹೇಗಾಯಿತು ಎಂದರೆ, ಅಷ್ಟು ಸಂತೋಷ ನನಗೆ ಅದುವರೆಗೆ ಆಗಿರಲಿಲ್ಲ. ನಾನು ಕೂತಿದ್ದ ಕಂದು ಕುದುರೆ ಒಂದು ಸಲ ಮೈ ಸಡಿಲಿಸಿ ಓಟಕ್ಕೆ ಇಳಿಯಿತು ನೋಡಿ, ನನ್ನ ಭಯವೆಲ್ಲ ಎಲ್ಲೋ ಹಿಂದೆ ಬಿದ್ದುಹೋಯಿತು. ಮೇಡಂ ಬೇಲಿ ಹಾಕಿದ ಸವಾರಿ ಅಂಕಣದ ನಡುವೆ ನಿಂತು, "ಬೆನ್ನು ನೆಟ್ಟಗೆ! ಮೂಟೆ ಥರ ಕೂರ್ಬೇಡ!" ಎಂದು ಕೂಗುತ್ತಿದ್ದರು. ನಾನು ನಗುತ್ತಿದ್ದೆ. ಆ ನಗುವನ್ನು ನೆನೆಸಿಕೊಂಡರೆ ಈಗಲೂ ಮುಖ ಸುಡುತ್ತದೆ.

ಎಂಟೂವರೆಗೆ ಮೇಡಂ ದೊಡ್ಡ ಸವಾರರನ್ನು ಕರೆದುಕೊಂಡು ಕಾಡುದಾರಿಗೆ ಹೋದರು. ಆ ದಾರಿಯಲ್ಲಿ ಫೋನು ಸಿಗುವುದಿಲ್ಲ. ಬರಲು ಒಂದೂವರೆ ಗಂಟೆ. ಲಾಯದಲ್ಲಿ ಉಳಿದವರು ತಾತ, ನಾನು. ಕಂದು ಕುದುರೆಯ ಜೀನು ಇಳಿಸಿ, ಮೈಯುಜ್ಜಿ, ಅದನ್ನು ಕಟ್ಟಿ, ಹಾಡು ಗುನುಗುತ್ತ ಸಾಲಿನ ಕೊನೆಗೆ ಬಂದೆ.

ದೊಡ್ಡಪ್ಪ ಕತ್ತು ನೀಳವಾಗಿ ಚಾಚಿ ನಿಂತಿದ್ದ. ಮೈಯೆಲ್ಲ ಬೆವರು, ಬೂದು ಬಣ್ಣ ಕಪ್ಪಗಾಗಿತ್ತು. ಮುಂಗಾಲಿನಿಂದ ನೆಲ ಕೆರೆಯುತ್ತಿದ್ದ, ತಿರುಗಿ ತಿರುಗಿ ತನ್ನ ಹೊಟ್ಟೆ ನೋಡುತ್ತಿದ್ದ. ಬಕೆಟ್ಟಿನಲ್ಲಿ ಉಳಿದಿದ್ದ ಅರ್ಧ ಊಟ ಇಷ್ಟು ಹೊತ್ತಿಗೆ ನೆಂದು ಗಂಜಿಯಾಗಿತ್ತು. ನನ್ನನ್ನು ಕಂಡರೂ ಮೂಗು ಚಾಚಲಿಲ್ಲ. ಅವನ ಕತ್ತಿನ ಎಡಗಡೆ ಒಂದು ಅಲೆ ಕೆಳಗಿನಿಂದ ಮೇಲಕ್ಕೆ ಎದ್ದಿತು, ಹಿಂದೆಯೇ ಒಂದು ಒರಟು ಕೆಮ್ಮು.

"ತಾತಾ!" ಎಂದು ಕೂಗಿದೆನಂತೆ. ನನಗೆ ಕೂಗಿದ ನೆನಪಿಲ್ಲ, ಅವನು ಸಲಿಕೆ ಎಸೆದು ಬಂದದ್ದು ನೆನಪಿದೆ.

ತಾತ ದೊಡ್ಡಪ್ಪನ ಪಕ್ಕೆಗೆ ಕಿವಿಯಿಟ್ಟ, ವಸಡು ಒತ್ತಿದ, ಕತ್ತಿನ ಉದ್ದಕ್ಕೂ ಬೆರಳಾಡಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಬಕೆಟ್ ನೀನೇ ಇಟ್ಟಿದ್ದಾ?"

"ಹೂಂ."

"ನೋಡು ಕಡ್ಡಿ, ಇದು ಹೊಟ್ಟೆನೋವಾದ್ರೂ ಇರ್ಬೇಕು, ಇಲ್ಲಾ ಗಂಟಲಲ್ಲಿ ಉಂಡೆ ಸಿಕ್ಕಿರ್ಬೇಕು. ಎರಡಕ್ಕೂ ಹಿಂಗೇ ಒದ್ದಾಡ್ತಾವೆ. ಚೆನ್ನಾಗಿ ನೆನೆಸಿದ್ಯಾ? ತಳದಲ್ಲಿ ಕೈ ಹಾಕಿ ನೋಡಿದ್ಯಾ?"

ಬಾಯಿ ತೆಗೆದೆ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿದ್ದೆಲ್ಲ ನನ್ನದೇ ಚಿಂತೆ. ಮೇಡಂ ಗೇಟು ತೋರಿಸುತ್ತಾರೆ. ಇನ್ನು ಲಾಯವಿಲ್ಲ, ಜೀನಿಲ್ಲ, ಇವತ್ತಿನಂಥ ಓಟವಿಲ್ಲ. ಅಮ್ಮ ಗಿರಾಕಿಗಳ ಮುಂದೆಲ್ಲ ಹೇಳುತ್ತಾಳೆ. ದೊಡ್ಡಪ್ಪ ನನ್ನ ಕಣ್ಣೆದುರೇ ಒದ್ದಾಡುತ್ತಿದ್ದ, ನಾನು ಯೋಚಿಸಿದ್ದು ನನ್ನ ಭಾನುವಾರಗಳನ್ನು.

"ನೋಡಿದೆ ತಾತ. ಚೆನ್ನಾಗೇ ನೆಂದಿತ್ತು."

"ಗಂಟು?"

"ಇರ್ಲಿಲ್ಲ."

"ಹಾಗಾದ್ರೆ ಹೊಟ್ಟೇನೇ" ಎಂದ ತಾತ. ನನ್ನ ಮಾತಿನ ಮೇಲೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಡಾಕ್ಟರಿಗೆ ಫೋನು ಮಾಡಿದ. ಅವರ ಮನೆಯವರು ಎತ್ತಿ, ಡಾಕ್ಟರು ಯಾವುದೋ ಹಸುವಿನ ಹೆರಿಗೆಗೆ ಹೋಗಿದ್ದಾರೆ, ತಿಳಿಸುತ್ತೇನೆ, ಬರಲು ಒಂದು ಗಂಟೆಯ ಮೇಲಾಗುತ್ತದೆ ಎಂದರು. ತಾತ ಫೋನಿಟ್ಟು ದೊಡ್ಡಪ್ಪನ ಕಡೆ ತಿರುಗಿದ. "ಇಪ್ಪತ್ತೇಳು ವರ್ಷದ ಜೀವ. ಒಂದು ಗಂಟೆ ತಡ್ಕೊಳ್ಳಲ್ಲ. ಎಣ್ಣೆ ಹಾಕೋಣ" ಎಂದ.

ಎಣ್ಣೆ ಹಾಕುವುದು ಅವನು ಕಲಿತ ಹಳೆಯ ಮದ್ದು. ಹೊಟ್ಟೆ ಕಟ್ಟಿದ ಕುದುರೆಗೆ ಉದ್ದ ಕತ್ತಿನ ಬಾಟಲಿಯಿಂದ ಬೆಚ್ಚಗಿನ ಎಣ್ಣೆ ಕುಡಿಸುತ್ತಾರೆ. ಕುದುರೆ ತಲೆ ತಗ್ಗಿಸದ ಹಾಗೆ ಹಗ್ಗವನ್ನು ತೊಲೆಯ ಮೇಲಿಂದ ಹಾಯಿಸಿ ಎಳೆದು ಹಿಡಿಯಬೇಕು. ಹಗ್ಗ ಹಿಡಿಯಲು ಇನ್ನೊಬ್ಬರು ಬೇಕು. ಇನ್ನೊಬ್ಬರು ಎಂದರೆ ಅವತ್ತು ನಾನೇ.

ತಾತ ಮೇವಿನ ಕೋಣೆಯ ಒಲೆಯ ಮೇಲೆ ಎಣ್ಣೆ ಬಿಸಿಮಾಡುವಷ್ಟು ಹೊತ್ತು ನಾನು ದೊಡ್ಡಪ್ಪನ ಹತ್ತಿರ ಒಬ್ಬಳೇ ಇದ್ದೆ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಬಾಗಿಲವರೆಗೆ ಹೋದೆ. ಹತ್ತೇ ಹೆಜ್ಜೆ. ಒಳಗೆ ತಾತ ಬೆರಳದ್ದಿ ಎಣ್ಣೆಯ ಬಿಸಿ ನೋಡುತ್ತಿದ್ದ, ತನ್ನಷ್ಟಕ್ಕೇ ಏನೋ ಹೇಳಿಕೊಳ್ಳುತ್ತಿದ್ದ. ಮೊದಲು ಹೇಳಿದ್ದು ತಪ್ಪು ಎನ್ನಬೇಕಾದರೆ, ಸುಳ್ಳು ಹೇಳಿದೆ ಎಂದೂ ಹೇಳಬೇಕಲ್ಲ. ಒಂದು ತಪ್ಪಿಗೆ ಇದ್ದ ಭಯ ಈಗ ಎರಡು ಪಾಲಾಗಿತ್ತು. ಹೊಟ್ಟೆನೋವೇ ಇರಬಹುದು, ಎಣ್ಣೆ ಹಾಕಿದರೆ ಸರಿಹೋಗಬಹುದು, ಯಾರಿಗೂ ಗೊತ್ತಾಗದೆ ಹೋಗಬಹುದು ಎಂದುಕೊಂಡು ವಾಪಸು ಬಂದೆ.

ಹಗ್ಗ ಎಳೆದೆ. ದೊಡ್ಡಪ್ಪನ ತಲೆ ಮೇಲಕ್ಕೆ ಹೋಯಿತು. ಆ ಬೆಳಕಿನಲ್ಲಿ ಅವನ ಮೂಗಿನ ಹೊಳ್ಳೆಯ ಒಳಗೆ ಏನೋ ಹಸಿರಾದದ್ದು ಕಂಡಿತು. ಮಂಜುಗಣ್ಣಿನ ತಾತನಿಗೆ ಅದು ಕಾಣಲಿಲ್ಲ. ದೊಡ್ಡಪ್ಪ ಕಣ್ಣಿನ ಬಿಳಿ ತೋರಿಸುತ್ತ ನನ್ನನ್ನೇ ನೋಡುತ್ತಿದ್ದ.

"ಬಿಗಿಯಾಗಿ ಹಿಡ್ಕೋ. ಬಿಟ್ರೆ ನನ್ನ ಮೇಲೆ ಬರುತ್ತೆ" ಎಂದು ತಾತ ಬಾಯಿಯ ಮೂಲೆಗೆ ಬಾಟಲಿ ಇಳಿಸಿದ.

ಒಂದು ಗುಟುಕು ಹೋಯಿತು. ಹೋದದ್ದು ಹೊಟ್ಟೆಗಲ್ಲ. ದೊಡ್ಡಪ್ಪ ಮೈಯೆಲ್ಲ ಅದುರುವ ಹಾಗೆ ಕೆಮ್ಮಿದ, ಎರಡೂ ಹೊಳ್ಳೆಗಳಿಂದ ಹಸಿರು ನೊರೆ, ಎಣ್ಣೆ, ಉಂಡೆಯ ಚೂರುಗಳು ನನ್ನ ಮುಖಕ್ಕೇ ಸಿಡಿದವು. ಒಂದು ಚೂರು ತುಟಿಯ ಮೇಲೆ ಬಿತ್ತು. ನಡುವೆ ಇನ್ನೂ ಗಟ್ಟಿಯಾಗಿತ್ತು.

ತಾತ ಎರಡನೇ ಗುಟುಕಿಗೆ ಬಾಟಲಿ ಎತ್ತಿದ್ದ.

"ಹಾಕ್ಬೇಡ ತಾತಾ! ನೆನೆಸಿಲ್ಲ! ನಾನು ನೆನೆಸಿಲ್ಲ, ಇಪ್ಪತ್ತೇ ನಿಮಿಷ, ತಳ ನೋಡ್ಲಿಲ್ಲ, ಸುಳ್ಳು ಹೇಳ್ದೆ!"

ತಾತನ ಕೈ ಅಲ್ಲೇ ನಿಂತಿತು. ಅವನು ನನ್ನನ್ನು ಬೈಯಲಿಲ್ಲ. "ಹಗ್ಗ ಬಿಡು" ಎಂದ. ನನ್ನ ಬೆರಳುಗಳು ಬಿಚ್ಚಿಕೊಳ್ಳಲೇ ಇಲ್ಲ. ಅವನೇ ಬಂದು ಒಂದೊಂದಾಗಿ ಬಿಡಿಸಿ, ದೊಡ್ಡಪ್ಪನ ತಲೆಯನ್ನು ಎರಡೂ ಕೈಯಿಂದ ಕೆಳಗೆ, ನೆಲಕ್ಕೆ ತಾಗುವಷ್ಟು ಕೆಳಗೆ ತಗ್ಗಿಸಿದ.

"ಹಿಂಗೇ ಹಿಡ್ಕೊಂಡು ಕೂರು. ತಲೆ ಎತ್ತೋಕೆ ಬಿಡ್ಬೇಡ. ಒಳಗಿರೋದು ಆಚೆ ಸುರೀಬೇಕು, ಶ್ವಾಸಕ್ಕೆ ಹೋಗ್ಬಾರ್ದು."

"ಒಂದು ಗುಟುಕು ಹೋಯ್ತಲ್ಲ ತಾತ?"

ತಾತ ಬಾಟಲಿಯನ್ನು ಹೊರಗೆ ಒಯ್ದು, ಎಣ್ಣೆಯನ್ನು ಮಣ್ಣಿಗೆ ಸುರಿದು, ಮತ್ತೆ ಫೋನಿನ ಕಡೆ ಹೋದ.

ಒಂದು ಗಂಟೆ ಹತ್ತು ನಿಮಿಷ ದೊಡ್ಡಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪ್ರತಿ ಕೆಮ್ಮಿಗೂ ಇದೇ ಕೊನೆಯದು ಅನ್ನಿಸುತ್ತಿತ್ತು. ಕೆಮ್ಮು ನಿಂತರೆ ಇನ್ನೂ ಹೆದರಿಕೆ.

ಡಾಕ್ಟರು ತೋಳಿನ ಮೇಲೆ ಹಸುವಿನ ರಕ್ತ ಒಣಗಿದ್ದಂತೆಯೇ ಬಂದರು. ದೊಡ್ಡಪ್ಪನಿಗೆ ಮಂಪರು ಬರುವ ಸೂಜಿ ಹಾಕಿ, ಮೂಗಿನ ಮೂಲಕ ಉದ್ದನೆಯ ನಳಿಕೆ ಇಳಿಸಿ, ಬೆಚ್ಚಗಿನ ನೀರು ಬಿಟ್ಟು, ಹೊರಗೆ ಹರಿಸಿ, ಮತ್ತೆ ಬಿಟ್ಟರು. ಬಕೆಟ್ಟುಗಟ್ಟಲೆ ಹಸಿರು ನೀರು ಹರಿಯಿತು. ಕೊನೆಗೊಮ್ಮೆ ನಳಿಕೆ ಸರ್ರನೆ ಕೆಳಗಿಳಿಯಿತು. "ದಾರಿ ಬಿಡ್ತು" ಎಂದರು ಡಾಕ್ಟರು. ಅಷ್ಟರಲ್ಲಿ ಮೇಡಂ ಬಂದು ಬಾಗಿಲಲ್ಲಿ ನಿಂತಿದ್ದರು, ಟೋಪಿ ಕೂಡ ತೆಗೆದಿರಲಿಲ್ಲ.

"ಗಂಟಲು ಸರಿಹೋಯ್ತು" ಎಂದು ಡಾಕ್ಟರು ಅವರಿಗೆ ಹೇಳಿದರು. "ನನಗೆ ಚಿಂತೆ ಇರೋದು ಆ ಎಣ್ಣೇದು. ಶ್ವಾಸಕೋಶಕ್ಕೆ ಎಷ್ಟು ಹೋಗಿದ್ಯೋ ಗೊತ್ತಿಲ್ಲ. ಔಷಧಿ ಕೊಟ್ಟಿದ್ದೀನಿ. ನಾಲ್ಕೈದು ದಿನ ಬೆಳಗ್ಗೆ ಸಂಜೆ ಜ್ವರ ನೋಡಿ. ಮೂವತ್ತೆಂಟೂವರೆ ದಾಟಿದ್ರೆ ಒಂದು ನಿಮಿಷಾನೂ ತಡ ಮಾಡ್ದೆ ಫೋನ್ ಮಾಡಿ. ಈ ವಯಸ್ಸಲ್ಲಿ ಶ್ವಾಸಕೋಶ ಕೆಟ್ರೆ ಉಳಿಯೋದು ಕಷ್ಟ."

ಮೇಡಂ ನಮ್ಮಿಬ್ಬರ ಕಡೆ ತಿರುಗಿದರು. "ಬಕೆಟ್ ಯಾರದ್ದು?"

"ನಂದು ಮೇಡಂ. ಇಪ್ಪತ್ತೇ ನಿಮಿಷ ನೆನೆಸಿದ್ದೆ. ಪಾಠಕ್ಕೆ ಹೊತ್ತಾಗುತ್ತೆ ಅಂತ."

"ತಾತಂಗೆ ಯಾವಾಗ ಹೇಳಿದೆ?"

ನಾನು ಉತ್ತರಿಸುವ ಮೊದಲೇ ತಾತ ಅಡ್ಡ ಬಂದ. "ಹುಡುಗಿ ಹೇಳ್ತು ಮೇಡಂ. ನಂದೇ ಆತುರ. ಏನು ಎತ್ತ ಕೇಳದೇ ಎಣ್ಣೆ ಹಾಕೋಕೆ ಹೋದೆ. ಅದು ಬಾಯಿ ಬಿಡೋಷ್ಟರಲ್ಲಿ ಒಂದು ಗುಟುಕು ಹೋಗಿತ್ತು."

ನಾನು ನೆಲ ನೋಡಿದೆ. ಮೂವತ್ತು ವರ್ಷದ ಹೆಸರನ್ನು ಅವನು ನನಗಾಗಿ ಕೆಳಗಿಟ್ಟಿದ್ದ, ನಾನು ಎತ್ತಿಕೊಡಲಿಲ್ಲ. ಎತ್ತಿಕೊಡುವಷ್ಟು ಧೈರ್ಯ ಉಳಿದಿರಲಿಲ್ಲ.

ಮೇಡಂ ಒಳಗೆ ಹೋಗಿ ಥರ್ಮಾಮೀಟರ್ ತಂದು ನನ್ನ ಕೈಗಿಟ್ಟರು. "ಶಾಲೆಗೆ ಮುಂಚೆ ಒಂದು ಸಲ, ಶಾಲೆ ಬಿಟ್ಟ ಮೇಲೆ ಒಂದು ಸಲ. ನೀನೇ ನೋಡಿ ಬಾಗಿಲ ಮೇಲೆ ಬರಿ." ಬೈಗುಳವಿಲ್ಲ, ಗೇಟು ತೋರಿಸಲಿಲ್ಲ. ಅದು ನನಗೆ ಇನ್ನೂ ಭಯ ಹುಟ್ಟಿಸಿತು.

ಕುದುರೆಯ ಜ್ವರ ನೋಡುವುದು ಬಾಯಲ್ಲಲ್ಲ, ಬಾಲದ ಕೆಳಗೆ. ಥರ್ಮಾಮೀಟರಿಗೆ ಒಂದು ದಾರ, ದಾರದ ತುದಿಗೆ ಒಂದು ಬಟ್ಟೆ ಕ್ಲಿಪ್ಪು. ಒಳಗೆ ಜಾರಿಹೋಗದ ಹಾಗೆ ಕ್ಲಿಪ್ಪನ್ನು ಬಾಲದ ಕೂದಲಿಗೆ ಸಿಕ್ಕಿಸಬೇಕು. ಹಿಂಗಾಲಿಗೆ ಮೈ ಆನಿಸಿ ನಿಂತು, ಬೀಪ್ ಎನ್ನುವವರೆಗೆ ಕಾಯಬೇಕು. ಹಿಂಗಾಲಿಗೆ ಹೆದರುವವಳಿಗೆ ಇದಕ್ಕಿಂತ ಶಿಕ್ಷೆ ಯಾರು ಹುಡುಕಿಯಾರು? ಆದರೆ ಆ ದಿನಗಳಲ್ಲಿ ನಾನು ಹೆದರಿದ್ದು ಹಿಂಗಾಲಿಗಲ್ಲ, ಆ ಪುಟ್ಟ ಅಂಕಿಗಳಿಗೆ.

ಭಾನುವಾರ ಸಂಜೆ ಮೂವತ್ತೆಂಟು. ಸೋಮವಾರ ಬೆಳಗ್ಗೆ ಮೂವತ್ತೆಂಟು, ಸಂಜೆ ಮೂವತ್ತೆಂಟು ಪಾಯಿಂಟ್ ಎರಡು. ಆ ಎರಡನ್ನು ಕಂಡು ನನಗೆ ರಾತ್ರಿ ಊಟ ಇಳಿಯಲಿಲ್ಲ. ಅಮ್ಮ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು.

"ಏನಾಯ್ತೇ? ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅಂದಿಲ್ಲಮ್ಮ."

"ಮತ್ಯಾಕೆ ಮುಖ ಹಿಂಗೆ? ಕುದುರೆ ಒದೀತಾ?"

"ಒದ್ದಿದ್ರೆ ಚೆನ್ನಾಗಿತ್ತು" ಎಂದು ಅತ್ತುಬಿಟ್ಟೆ. ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ. ತಟ್ಟೆಯನ್ನು ತಾನೇ ಎತ್ತಿದಳು, ಅವತ್ತು ಮಹಾರಾಣಿ ಎನ್ನಲಿಲ್ಲ.

ಮಂಗಳವಾರ ಎರಡೂ ಹೊತ್ತು ಸರಿಯಿತ್ತು. ದೊಡ್ಡಪ್ಪ ಗಂಜಿ ಕುಡಿದ, ಬಾಗಿಲು ಒಂದು ಸಲ ಒದ್ದ. ಬುಧವಾರ ಬೆಳಗ್ಗೆಯೂ ಸರಿ. ನನಗೆ ಸ್ವಲ್ಪ ಉಸಿರು ಬಂದಿತ್ತು. ಸಂಜೆ ಶಾಲೆ ಬಿಟ್ಟು ಬಂದು, ಕ್ಲಿಪ್ಪು ಸಿಕ್ಕಿಸಿ, ಅವನ ತೊಡೆಗೆ ಕೆನ್ನೆ ಆನಿಸಿ ನಿಂತೆ. ತೊಡೆ ಎಂದಿಗಿಂತ ಬಿಸಿಯೆನಿಸಿತು. ಬೀಪ್ ಎಂದಿತು.

ಮೂವತ್ತೊಂಬತ್ತು ಪಾಯಿಂಟ್ ನಾಲ್ಕು.

ಹಾಳಾದ ಬುದ್ಧಿ ಮೊದಲು ಓಡಿದ್ದು ಹಳೆಯ ದಾರಿಗೇ. ಸರಿಯಾಗಿ ಹಾಕಿಲ್ಲವೇನೋ, ಬಿಸಿಲಿಗೆ ಮೈ ಕಾದಿದೆಯೇನೋ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡೋಣವೇನೋ. ಬಾಗಿಲ ಮೇಲೆ ಮೂವತ್ತೆಂಟೂವರೆ ಎಂದು ಬರೆದರೂ ಯಾರಿಗೆ ಗೊತ್ತಾಗುತ್ತದೆ? ತಾತನಿಗೆ ಅಂಕಿ ಕಾಣುವುದಿಲ್ಲ. ಮೇಡಂ ಅಂಕಣದಲ್ಲಿ ಪಾಠ ಮಾಡುತ್ತಿದ್ದಾರೆ. ಆಗ ದೊಡ್ಡಪ್ಪ ಕೆಮ್ಮಿದ. ಸಣ್ಣ ಕೆಮ್ಮು. ಆ ಹಗ್ಗ ಹಿಡಿದ ಕೈಗಳಲ್ಲಿ ಏನೋ ಎಳೆದಂತಾಯಿತು.

ನಾನು ಎದ್ದೆನೋ ಬಿದ್ದೆನೋ ಎಂದು ಓಡಿದೆ. ಲಾಯದಲ್ಲಿ ಓಡಬಾರದು, ಅಂಕಣದ ಹತ್ತಿರ ಕೂಗಬಾರದು, ಕುದುರೆ ಬೆಚ್ಚಿದರೆ ಸವಾರರು ಬೀಳುತ್ತಾರೆ. ಎಲ್ಲ ಗೊತ್ತಿತ್ತು. ಕಟ್ಟಿಹಾಕಿದ್ದ ಎರಡು ಕುದುರೆಗಳ ಹಿಂಗಾಲ ಪಕ್ಕದಲ್ಲೇ ನುಗ್ಗಿ, ಬೇಲಿ ಹಿಡಿದು ಕಿರುಚಿದೆ.

"ಮೇಡಂ! ದೊಡ್ಡಪ್ಪಂಗೆ ಜ್ವರ! ಮೂವತ್ತೊಂಬತ್ತು ಪಾಯಿಂಟ್ ನಾಲ್ಕು!"

ಒಂದು ಕುದುರೆ ಬೆಚ್ಚಿ ಪಕ್ಕಕ್ಕೆ ಹಾರಿತು. ಅದರ ಮೇಲಿದ್ದ ಧಡೂತಿ ಗಂಡಸು ಕತ್ತು ತಬ್ಬಿಕೊಂಡು ಹೇಗೋ ಉಳಿದರು. ಮೇಡಂ ಅವರ ಕಡೆ ತಿರುಗಿಯೂ ನೋಡದೆ ಬೇಲಿ ದಾಟಿ ಬಂದರು.

"ಯಾವಾಗ ನೋಡಿದೆ?"

"ಈಗ್ಲೇ. ನೋಡ್ದೆ, ಓಡಿ ಬಂದೆ."

ಅವರು ಆಗಲೇ ಫೋನು ಕಿವಿಗಿಟ್ಟಿದ್ದರು.

ದೊಡ್ಡಪ್ಪ ಆ ಸಲ ಉಳಿದುಕೊಂಡ ಎಂದು ಈಗಲೇ ಹೇಳಿಬಿಡುತ್ತೇನೆ. ಹನ್ನೊಂದು ದಿನ ಸೂಜಿ ಚುಚ್ಚಿಸಿಕೊಂಡು, ನಮಗೆಲ್ಲ ಕಿವಿ ಹಿಂದಕ್ಕೆ ಮಾಡಿ ಸಿಟ್ಟು ತೋರಿಸಿ, ಬದುಕಿದ. ಆದರೆ ಆ ಸಂಜೆ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಡಾಕ್ಟರು ಬಂದರು, ಎರಡೂ ಪಕ್ಕೆಗಳಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು, ಔಷಧಿ ಬದಲಾಯಿಸಿದರು. ಮೇಡಂ, ತಾತ, ನಾನು ಗೋಡೆಗೆ ಒರಗಿ ನಿಂತಿದ್ದೆವು.

"ಬಲಗಡೆ ಶ್ವಾಸಕೋಶದಲ್ಲಿ ಸೋಂಕು ಶುರುವಾಗಿದೆ. ಈಗಷ್ಟೇ" ಎಂದರು ಡಾಕ್ಟರು. "ನಾಳೆ ಬೆಳಗ್ಗೆವರೆಗೂ ಬಿಟ್ಟಿದ್ರೆ ನಾನು ಬಂದೂ ಪ್ರಯೋಜನ ಇರ್ತಿರ್ಲಿಲ್ಲ. ಯಾರು ನೋಡಿದ್ದು, ಈ ಹುಡುಗೀನಾ? ಭೇಷ್. ಲಾಯಕ್ಕೆ ಇಂಥವರು ಬೇಕು ಮೇಡಂ. ಕಂಡ ತಕ್ಷಣ ಬಾಯಿಬಿಟ್ಟು ಹೇಳೋರು."

ಆ ಭೇಷ್ ಮುಖಕ್ಕೆ ಹೊಡೆದ ಹಾಗಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಾತ ಮೆಲ್ಲಗೆ ನನ್ನ ಭುಜ ಒತ್ತಿದ, ಸುಮ್ಮನಿರು ಎನ್ನುವ ಹಾಗೆ. ಸುಮ್ಮನಿರಲು ಆಗಲಿಲ್ಲ.

"ಅವತ್ತು ಹೇಳ್ಲಿಲ್ಲ" ಎಂದೆ. ದನಿ ನನ್ನದೇ ಅಲ್ಲವೆನ್ನುವಷ್ಟು ಸಣ್ಣಗಿತ್ತು. "ಎಣ್ಣೆಗೆ ಮುಂಚೆ ತಾತ ಕೇಳಿದ್ರು. ಚೆನ್ನಾಗಿ ನೆನೆಸಿದ್ಯಾ, ಗಂಟಿತ್ತಾ ಅಂತ ಎರಡೆರಡು ಸಲ ಕೇಳಿದ್ರು. ನಾನು ಸುಳ್ಳು ಹೇಳ್ದೆ. ಅವರದ್ದು ಏನೂ ತಪ್ಪಿಲ್ಲ. ಎಣ್ಣೆ ಹೋಗಿದ್ದು ನನ್ನ ಸುಳ್ಳಿಂದ."

ಡಾಕ್ಟರು ಸೂಜಿಗಳನ್ನು ಚೀಲಕ್ಕೆ ತುಂಬುತ್ತ, ತಮಗೆ ಕೇಳಿಸಲೇ ಇಲ್ಲವೆಂಬಂತೆ ಹೊರಗೆ ಹೋದರು. ತಾತ ಮೇವಿನ ಬಕೆಟ್ಟು ಎತ್ತಿಕೊಂಡು ಅವರ ಹಿಂದೆ ನಡೆದ. ಮೇಡಂ ದೊಡ್ಡಪ್ಪನ ಹಣೆಯ ಕೂದಲು ಬಿಡಿಸುತ್ತಿದ್ದರು.

"ಗೊತ್ತು" ಎಂದರು.

"ಗೊತ್ತಾ?"

"ತಾತ ಮೂವತ್ತು ವರ್ಷದಲ್ಲಿ ಒಂದು ಸಲಾನೂ, ಏನು ತಿಂದಿದೆ ಅಂತ ಕೇಳದೆ ಎಣ್ಣೆ ಬಾಟ್ಲಿ ಮುಟ್ಟಿದೋನಲ್ಲ. ಕೇಳದೇ ಹಾಕ್ಬಿಟ್ಟೆ ಅಂದಾಗ್ಲೇ ತಿಳೀತು, ಅವನು ಕೇಳಿದ್ದಾನೆ, ನೀನು ಬೇರೆ ಏನೋ ಹೇಳಿದ್ದೀಯ ಅಂತ."

"ಮತ್ತೆ ಥರ್ಮಾಮೀಟರ್ ನನ್ನ ಕೈಗೆ ಯಾಕೆ ಕೊಟ್ರಿ?"

"ಕೊಟ್ಟೆ. ನೀನು ನೋಡಿ ಬರೆದು ಹೋದ್ಮೇಲೆ, ಪ್ರತಿ ಸಲಾನೂ ನಾನೂ ಒಂದು ಸಲ ಹಾಕಿ ನೋಡ್ತಿದ್ದೆ."

ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆರು ಸಲ ನಾನು ಬಾಗಿಲ ಮೇಲೆ ಬರೆದು ಹೋದದ್ದು, ಆರು ಸಲ ಅವರು ಹಿಂದೆಯೇ ಬಂದು ಪರೀಕ್ಷಿಸಿದ್ದು ಕಣ್ಣಿಗೆ ಕಟ್ಟಿತು. ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಗೇಟು ತೋರಿಸುವುದಾದರೆ ಈಗ ತೋರಿಸಲಿ ಎಂದು ನಾನೇ ಕಾದು ನಿಂತೆ.

ಮೇಡಂ ದೊಡ್ಡಪ್ಪನ ಹಣೆ ಬಿಟ್ಟು, ಥರ್ಮಾಮೀಟರನ್ನು ಒರೆಸಿ ಮತ್ತೆ ನನ್ನ ಕೈಗಿಟ್ಟರು.

"ನಾಳೆಯಿಂದ ನಾನು ನೋಡಲ್ಲ" ಎಂದರು.

ಅದುವರೆಗೆ ಪಟ್ಟ ಭಯವೆಲ್ಲ ಒಂದು ತೂಕವಾದರೆ, ಆ ಮಾತು ಕೇಳಿ ಹುಟ್ಟಿದ ಭಯವೇ ಒಂದು ತೂಕ.